ನರ್ಮದಾ ಪರಿಕ್ರಮೆ: ಮನೆ ಬಿಟ್ಟು ಹೊರಡುವ ಹುಡುಗ-ಹುಡುಗಿಯರಿಗೆ ಕೈಪಿಡಿ

ಬಾಲಕ ಶಂಕರ ಕಾಲಡಿಯ ಮನೆ ಬಿಟ್ಟು, ಗುರುವನ್ನು ಅರಸುತ್ತ ನಡೆದು ನರ್ಮದೆಯ ದಡಕ್ಕೆ ಬಂದ, ಓಂಕಾರೇಶ್ವರದ ಗುಹೆಯಲ್ಲಿ ಗೋವಿಂದ ಭಗವತ್ಪಾದರು ಅವನಿಗೆ ಸಿಕ್ಕರು ಎನ್ನುತ್ತದೆ ಪರಂಪರೆ. ಇವತ್ತಿಗೂ ಕಾರ್ತೀಕ ಮಾಸ ಬಂತೆಂದರೆ ಬೆನ್ನಿಗೊಂದು ಚೀಲ ಹಾಕಿಕೊಂಡ ಇಪ್ಪತ್ತು-ಇಪ್ಪತ್ತೈದರ ವಯಸ್ಸಿನವರು ಮಧ್ಯಪ್ರದೇಶದ ಖಂಡ್ವಾ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಅವರಲ್ಲಿ ಅರ್ಧದಾರಿಯಲ್ಲೇ ವಾಪಸಾಗುವವರಿಗೆ ಕಡಿಮೆಯಾದದ್ದು ವೈರಾಗ್ಯವಲ್ಲ. ಹೊಸ ಶೂ ಕಾಲು ಕಚ್ಚಿರುತ್ತದೆ, ಚೀಲ ಹದಿನೈದು ಕೆಜಿ ತೂಗುತ್ತಿರುತ್ತದೆ, ಇಲ್ಲವೇ ಹೇಳದೆ ಬಂದ ಮನೆಯಿಂದ ಅಮ್ಮನ ಫೋನು ಬಂದಿರುತ್ತದೆ. ಈ ಮೂರನ್ನೂ ಹೊರಡುವ ಮೊದಲೇ ಸರಿಮಾಡಿಕೊಳ್ಳಬಹುದು.

ನರ್ಮದೆ ಮಧ್ಯಪ್ರದೇಶದ ಅಮರಕಂಟಕದಲ್ಲಿ ಹುಟ್ಟಿ, 1312 ಕಿಲೋಮೀಟರ್ ಪಶ್ಚಿಮಕ್ಕೆ ಹರಿದು, ಗುಜರಾತಿನ ಭರೂಚ್ ದಾಟಿ ಖಂಭಾತ್ ಕೊಲ್ಲಿ ಸೇರುತ್ತದೆ. ನದಿಯನ್ನು ಸದಾ ಬಲಗಡೆಗೆ ಇಟ್ಟುಕೊಂಡು, ಎಲ್ಲೂ ದಾಟದೆ, ಒಂದು ದಡದಲ್ಲಿ ಸಮುದ್ರದವರೆಗೆ ಹೋಗಿ ಇನ್ನೊಂದು ದಡದಲ್ಲಿ ಮೂಲದವರೆಗೆ ಬಂದು ಸುತ್ತು ಮುಗಿಸುವುದೇ ಪರಿಕ್ರಮೆ. ಲೆಕ್ಕಕ್ಕೆ 2600 ಕಿ.ಮೀ. ಆದರೆ ಬರ್ಗಿ, ಇಂದಿರಾಸಾಗರ, ಸರ್ದಾರ್ ಸರೋವರ ಅಣೆಕಟ್ಟುಗಳ ಹಿನ್ನೀರು ಹಳೆಯ ದಡದ ದಾರಿಯನ್ನು ನುಂಗಿರುವುದರಿಂದ ಬಳಸಿ ನಡೆಯಬೇಕು. ಹಾಗಾಗಿ 3000 ಕಿ.ಮೀ. ಎಂದೇ ಹಿಡಿದು ಸಿದ್ಧರಾಗಿ. ಶಾಸ್ತ್ರೋಕ್ತ ಅವಧಿ 3 ವರ್ಷ, 3 ತಿಂಗಳು, 13 ದಿನ. ಈಗ ನಡೆಯುವವರಲ್ಲಿ ಹೆಚ್ಚಿನವರು ಐದಾರು ತಿಂಗಳಲ್ಲಿ ಮುಗಿಸುತ್ತಾರೆ. ಕಾರು-ಬಸ್ಸಿನಲ್ಲಿ ಹದಿನೈದು ದಿನದಲ್ಲಿ ಮುಗಿಸುವವರೂ ಇದ್ದಾರೆ. ಅದು ತೀರ್ಥಯಾತ್ರೆಯಾಗಿ ಚೆನ್ನ, ಆದರೆ ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ.

ಹೊರಡಬೇಕೇ ಎಂದು ತೀರ್ಮಾನಿಸುವುದು

ಪರೀಕ್ಷೆ ಕೈಕೊಟ್ಟಾಗ, ಪ್ರೀತಿ ಮುರಿದಾಗ, ಅಪ್ಪನ ಜೊತೆ ಜಗಳವಾದಾಗ ಹುಟ್ಟುವ ಹಂಬಲವೂ ಹಂಬಲವೇ. ಆದರೆ ಅದು ನಿಲ್ಲುವಂಥದ್ದೋ ಅಲ್ಲವೋ ಎಂದು ಆ ವಾರ ಗೊತ್ತಾಗುವುದಿಲ್ಲ. ಮೂರು ತಿಂಗಳು ಕಾಯಿರಿ. ಆ ಮೂರು ತಿಂಗಳೂ ಬೆಳಗ್ಗೆ ಐದಕ್ಕೆ ಎದ್ದು, ಫೋನು ಇನ್ನೊಂದು ಕೋಣೆಯಲ್ಲಿಟ್ಟು, ನಲವತ್ತು ನಿಮಿಷ ಕದಲದೆ ಕೂರಿ. ಜಪವೋ ಉಸಿರಿನ ಗಮನವೋ ಪ್ರಾರ್ಥನೆಯೋ, ನಿಮ್ಮ ಮನೆತನದ ರೂಢಿ ಯಾವುದೋ ಅದು. ಸಂಜೆ ನಡಿಗೆ. ಮನೆಯ ಮೂಲೆಯಲ್ಲಿ ನಲವತ್ತು ನಿಮಿಷ ಕೂರಲಾಗದವರಿಗೆ ನದಿಯ ದಡದಲ್ಲಿ ದಿಢೀರನೆ ಕೂರಲು ಬಂದುಬಿಡುವುದಿಲ್ಲ. ಅಲ್ಲಿ ಸೊಳ್ಳೆ, ಕಾಲುನೋವು, ಪಕ್ಕದವರ ಗೊರಕೆ ಎಲ್ಲವೂ ಸೇರುತ್ತವೆ. ಮೂರು ತಿಂಗಳ ಕೊನೆಗೂ ಮನಸ್ಸು ಅತ್ತಲೇ ಎಳೆಯುತ್ತಿದ್ದರೆ ಟಿಕೆಟ್ ಮಾಡಿಸಿ.

ಹದಿನೆಂಟು ತುಂಬದವರು ಒಬ್ಬರೇ ಹೊರಡಬಾರದು. ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರೊಂದಿಗೆ ಮಾತಾಡಿ, ಅಷ್ಟೂ ತಿಂಗಳ ಮಾತ್ರೆಗೆ ವ್ಯವಸ್ಥೆ ಮಾಡಿಕೊಳ್ಳದೆ ಹೊರಡಬಾರದು. ‘ಸಾಧನೆಗೆ ಇಳಿದ ಮೇಲೆ ಮಾತ್ರೆ ಏಕೆ’ ಎಂದು ದಾರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ.

ಮನೆಯವರಿಗೆ ಹೇಳುವಾಗ ಮೋಕ್ಷ, ಜ್ಞಾನ ಎಂದು ಶುರುಮಾಡಿದರೆ ಅಮ್ಮನಿಗೆ ಕೇಳಿಸುವುದು ‘ಮಗ ಸನ್ಯಾಸಿಯಾಗುತ್ತಾನೆ’ ಎಂಬುದೊಂದೇ. ಹೋಗುವ ತಾರೀಖು, ಬರುವ ತಿಂಗಳು, ಎಲ್ಲಿಂದ ಎಲ್ಲಿಗೆ, ವಾರದಲ್ಲಿ ಯಾವ ದಿನ ಫೋನು, ಇಷ್ಟನ್ನು ಮೊದಲು ಹೇಳಿ. ಭಾನುವಾರ ಸಂಜೆ ಎಂದು ಗೊತ್ತುಮಾಡಿಕೊಂಡರೆ ಭಾನುವಾರವೇ ಮಾಡಿ. ನೆಟ್‌ವರ್ಕ್ ಸಿಗದ ಕಾಡಿನ ಭಾಗ ಬರುವ ಮುನ್ನ ‘ಇನ್ನು ಹತ್ತು ದಿನ ಫೋನ್ ಬರದಿರಬಹುದು’ ಎಂದು ಹೇಳಿರಿ. ಹೇಳದೆ ಹೋದರೆ ಮನೆಯವರು ನಾಪತ್ತೆ ದೂರು ಕೊಡುತ್ತಾರೆ, ಕೊಡಲೇಬೇಕು ಕೂಡ. ಪೊಲೀಸರು ಆಶ್ರಮಕ್ಕೆ ಬಂದು ಎಬ್ಬಿಸಿ ಕರೆದೊಯ್ಯುವುದು ಒಂದು ಕಷ್ಟ. ಅಷ್ಟೂ ದಿನ ಕೂತ ಕಡೆಯಲ್ಲೆಲ್ಲ ಮನಸ್ಸು ಊರಿನ ಬಾಗಿಲಲ್ಲೇ ನಿಂತಿರುವುದು ಅದಕ್ಕಿಂತ ದೊಡ್ಡ ಕಷ್ಟ. ಸಾಲದ ಕಂತು, ಫೋನ್ ರೀಚಾರ್ಜ್, ಕಾಲೇಜಿನ ಶುಲ್ಕ ಇಂಥವನ್ನು ಆರು ತಿಂಗಳ ಮಟ್ಟಿಗೆ ಮುಗಿಸಿಡಿ. ಆಧಾರ್, ವಿಮೆ, ಬ್ಯಾಂಕಿನ ವಿವರಗಳ ಒಂದೊಂದು ಪ್ರತಿ ಮನೆಯಲ್ಲಿರಲಿ.

ಯಾವಾಗ, ಎಲ್ಲಿಂದ

ಆಷಾಢ ಶುದ್ಧ ಏಕಾದಶಿಯಿಂದ ಕಾರ್ತೀಕ ಶುದ್ಧ ಏಕಾದಶಿಯವರೆಗೆ ಚಾತುರ್ಮಾಸ್ಯ. ಆಗ ನಡೆಯುವಂತಿಲ್ಲ; ನದಿ ಉಕ್ಕಿರುತ್ತದೆ, ಉಪನದಿ ದಾಟಲಾಗುವುದಿಲ್ಲ. ಆ ಕಾರ್ತೀಕ ಏಕಾದಶಿಯ ನಂತರ, ಅಂದರೆ ಹೆಚ್ಚುಕಡಿಮೆ ನವೆಂಬರಿನಲ್ಲಿ, ಎತ್ತುತ್ತಾರೆ. ‘ಪರಿಕ್ರಮೆ ಎತ್ತುವುದು’ ಎಂದೇ ಅಲ್ಲಿಯ ಮಾತು. ದಿನಕ್ಕೆ 22 ಕಿ.ಮೀ., ವಾರಕ್ಕೊಂದು ದಿನ ವಿಶ್ರಾಂತಿ ಎಂದರೆ 3000 ಕಿ.ಮೀ.ಗೆ ಸುಮಾರು 155-160 ದಿನ. ನವೆಂಬರ್ ಮಧ್ಯದಲ್ಲಿ ಹೊರಟರೆ ಏಪ್ರಿಲ್ ಕೊನೆ.

ದಡದ ಯಾವ ಊರಿಂದಲಾದರೂ ಶುರುಮಾಡಬಹುದು. ಕರ್ನಾಟಕದವರಿಗೆ ಸುಲಭ ಓಂಕಾರೇಶ್ವರ: ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೋಲಾಪುರ ದಾಟಿ ಖಂಡ್ವಾಕ್ಕೆ ಹೋಗುತ್ತದೆ, ಅಲ್ಲಿಂದ ಬಸ್ಸಿನಲ್ಲಿ 70 ಕಿ.ಮೀ. ಚಿಲ್ಲರೆ. ಜೊತೆಗಾರರು ಸಿಗುತ್ತಾರೆ, ಸಂಕಲ್ಪ ಮಾಡಿಸುವ ಪುರೋಹಿತರು ಸಿಗುತ್ತಾರೆ, ಮೊದಲ ದಿನಗಳಲ್ಲಿ ಆಶ್ರಮಗಳು ಹತ್ತಿರ ಹತ್ತಿರ ಇವೆ.

ಇದರಲ್ಲಿ ಎರಡು ತೊಂದರೆಗಳಿವೆ. ಅವನ್ನು ಯಾರೂ ಮೊದಲೇ ಹೇಳುವುದಿಲ್ಲ. ಓಂಕಾರೇಶ್ವರದಿಂದ ದಕ್ಷಿಣ ದಡದಲ್ಲಿ ಪಶ್ಚಿಮಕ್ಕೆ ಹೊರಟರೆ ಇಡೀ ದಾರಿಯ ಅತಿ ಕಠಿಣ ಭಾಗವಾದ ಶೂಲಪಾಣಿ ಕಾಡು ಎರಡನೇ ವಾರದಲ್ಲೇ ಎದುರಾಗುತ್ತದೆ, ಕಾಲು ಇನ್ನೂ ಪಳಗಿರುವುದಿಲ್ಲ. ಎರಡನೆಯದು ಬಿಸಿಲು: ಕೊನೆಯ ನೂರಾರು ಕಿಲೋಮೀಟರ್ ನರ್ಮದಾಪುರಂ, ಹರ್ದಾ, ಖಂಡ್ವಾದ ಬಯಲಲ್ಲಿ ಏಪ್ರಿಲಿನ ನಲವತ್ತು ಡಿಗ್ರಿ ಮೀರಿದ ಬಿಸಿಲಿನಲ್ಲಿ ನಡೆಯಬೇಕು. ಅಮರಕಂಟಕದಿಂದ ಶುರುಮಾಡಿದರೆ ಈ ಎರಡೂ ತಿರುಗುಮುರುಗಾಗುತ್ತವೆ. ಶೂಲಪಾಣಿಗೆ ಬರುವ ಹೊತ್ತಿಗೆ ಎರಡು ತಿಂಗಳು ನಡೆದಿರುತ್ತೀರಿ, ಏಪ್ರಿಲಿಗೆ ಮತ್ತೆ ಗುಡ್ಡದ ತಂಪಿನ ಕಡೆಗೆ ಹತ್ತುತ್ತಿರುತ್ತೀರಿ. ಬದಲಿಗೆ ಮೊದಲ ವಾರಗಳ ಕೊರೆಯುವ ಚಳಿ ತಡೆಯಬೇಕು, ರಾತ್ರಿಯ ತಾಪಮಾನ ಒಂದಂಕಿಗೆ ಇಳಿಯುತ್ತದೆ. ಅಮರಕಂಟಕಕ್ಕೆ ಹತ್ತಿರದ ಸ್ಟೇಷನ್ ಪೇಂಡ್ರಾ ರೋಡ್, ಬಿಲಾಸ್‌ಪುರದ ಮೇಲಿಂದ ಹೋಗಬೇಕು. ದೇಹದ ಸಿದ್ಧತೆ ಚೆನ್ನಾಗಿದ್ದರೆ ಓಂಕಾರೇಶ್ವರ, ಅನುಮಾನವಿದ್ದರೆ ಅಮರಕಂಟಕ. ಓಂಕಾರೇಶ್ವರದಿಂದಲೇ ಹೊರಡುವುದಾದರೆ ಮೊದಲ ಹತ್ತು ದಿನ 12-15 ಕಿ.ಮೀ. ದಾಟಬೇಡಿ.

ಆರು ತಿಂಗಳು ಸಿಗದವರಿಗೆ ಇನ್ನೆರಡು ದಾರಿ. ಒಂದು, ಖಂಡ ಪರಿಕ್ರಮೆ: ಪ್ರತಿವರ್ಷ ಒಂದು ತಿಂಗಳು ನಡೆದು, ನಿಲ್ಲಿಸಿದ ಜಾಗದಿಂದಲೇ ಮುಂದಿನ ವರ್ಷ ಎತ್ತುವುದು. ಇನ್ನೊಂದು, ಗುಜರಾತಿನ ರಾಮಪುರಾ-ತಿಲಕವಾಡಾ ನಡುವೆ ನದಿ ಉತ್ತರಕ್ಕೆ ತಿರುಗಿ ಹರಿಯುವಲ್ಲಿ ಚೈತ್ರ ಮಾಸದಲ್ಲಿ ಮಾಡುವ ಉತ್ತರವಾಹಿನಿ ಪರಿಕ್ರಮೆ, ಸುಮಾರು 21 ಕಿ.ಮೀ., ಒಂದು ದಿನದ ಕೆಲಸ. ದೊಡ್ಡ ಪರಿಕ್ರಮೆಗೆ ಮುನ್ನ ಒಮ್ಮೆ ಇದನ್ನು ಮಾಡಿ ನೋಡಿದರೆ ಬಹಳಷ್ಟು ಭ್ರಮೆ ಕಳೆಯುತ್ತದೆ.

ಕಾಲು ಮತ್ತು ಚೀಲ

ಹನ್ನೆರಡು ವಾರದ ಅಭ್ಯಾಸ ಸಾಕು. ಮೊದಲ ನಾಲ್ಕು ವಾರ ವಾರಕ್ಕೆ ಐದು ದಿನ 5 ಕಿ.ಮೀ., ಮುಂದಿನ ನಾಲ್ಕು ವಾರ 8-10 ಕಿ.ಮೀ., ಕೊನೆಯ ನಾಲ್ಕು ವಾರ ಶನಿವಾರ ಮತ್ತು ಭಾನುವಾರ ಎರಡೂ ದಿನ ತುಂಬಿದ ಚೀಲದೊಂದಿಗೆ 18-20 ಕಿ.ಮೀ. ಭಾನುವಾರದ ನಡಿಗೆಯೇ ನಿಜವಾದ ಪರೀಕ್ಷೆ. ಶನಿವಾರ ಎಲ್ಲರೂ ನಡೆಯುತ್ತಾರೆ.

ಶೂ ನಿಮ್ಮ ಅಳತೆಗಿಂತ ಅರ್ಧದಿಂದ ಒಂದು ಸೈಜ್ ದೊಡ್ಡದಿರಲಿ, ದಿನವಿಡೀ ನಡೆದರೆ ಪಾದ ಊದಿಕೊಳ್ಳುತ್ತದೆ. ಹೊರಡುವ ಮೊದಲು ಅದರಲ್ಲಿ ಕನಿಷ್ಠ 150 ಕಿ.ಮೀ. ನಡೆದಿರಬೇಕು. ಜೊತೆಗೊಂದು ಹಗುರ ಸ್ಯಾಂಡಲ್. ಬರಿಗಾಲಲ್ಲಿ ನಡೆಯುವ ಸಂಕಲ್ಪ ಮೊದಲ ದಿನವೇ ಮಾಡಬೇಡಿ. ಮಣ್ಣಿನ ದಾರಿ ಕಡಿಮೆಯಾಗಿ ಡಾಂಬರು ಹೆಚ್ಚಾಗಿದೆ, ಜಾಲಿಮುಳ್ಳಂತೂ ಎಲ್ಲೆಲ್ಲೂ ಇದೆ.

ಚೀಲ ನೀರು ಬಿಟ್ಟು 7-8 ಕೆಜಿ ಮೀರಬಾರದು. ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಕಿವಿ ಮುಚ್ಚುವ ಟೋಪಿ. ಬಿಳಿ ಬಟ್ಟೆ ರೂಢಿ. ದೂರದಿಂದಲೇ ಪರಿಕ್ರಮಾವಾಸಿ ಎಂದು ಗುರುತು ಹಿಡಿಯುತ್ತಾರೆ, ಅದರಿಂದ ಅನುಕೂಲವೇ ಹೆಚ್ಚು. ಹಾಸಲು ತೆಳು ಮ್ಯಾಟ್, ಹೊದೆಯಲು ಒಂದು ಕಿಲೋ ಆಸುಪಾಸಿನ ಸ್ಲೀಪಿಂಗ್ ಬ್ಯಾಗ್, ಸೊಳ್ಳೆ ಪರದೆ. ಒಂದು ಲೀಟರ್ ಹಿಡಿಯುವ ಪಾತ್ರೆ, ತಟ್ಟೆ, ಲೋಟ, ಬೆಂಕಿಪೊಟ್ಟಣ. ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕ್, ಆಧಾರ್ ಮೂಲಪ್ರತಿ, ನಾಲ್ಕು ಪಾಸ್‌ಪೋರ್ಟ್ ಫೋಟೋ. ಭುಜದೆತ್ತರದ ಕೋಲು, ಅಂದರೆ ದಂಡ: ನಾಯಿಗೆ, ಕೆಸರಿಗೆ, ಇಳಿಜಾರಿನಲ್ಲಿ ಮೊಣಕಾಲಿಗೆ. ಪುಸ್ತಕ ಒಂದೇ. ಎರಡನೆಯದು ಹತ್ತನೇ ದಿನದೊಳಗೆ ಯಾವುದೋ ಆಶ್ರಮದ ಕಪಾಟು ಸೇರುತ್ತದೆ.

ಔಷಧಿ: ಒಆರ್‌ಎಸ್ ಪೊಟ್ಟಣ, ಪ್ಯಾರಸಿಟಮಾಲ್, ಗಾಯಕ್ಕೆ ಅಯೋಡಿನ್ ಮುಲಾಮು, ಅಂಟುಪಟ್ಟಿ, ಸೂಜಿ, ವ್ಯಾಸಲೀನ್. ಹೊರಡುವ ಮೊದಲು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ.

ಹಣ ಮುಟ್ಟದೆ, ಐದು ಮನೆ ಭಿಕ್ಷೆಯಲ್ಲೇ ನಡೆಯುವುದು ಹಳೆಯ ನಿಯಮ. ಇವತ್ತಿಗೂ ಅನ್ನಕ್ಕೂ ಸೂರಿಗೂ ಹೆಚ್ಚು ಖರ್ಚಿಲ್ಲ. ಆದರೂ ಔಷಧಿಗೆ, ವಾಪಸಿನ ಟಿಕೆಟ್ಟಿಗೆ ಎಂದು ಖಾತೆಯಲ್ಲೊಂದಿಷ್ಟು ಇಟ್ಟು, ಕೈಯಲ್ಲಿ ಸಾವಿರ-ಎರಡು ಸಾವಿರಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಒಳ್ಳೆಯದು. ತುಂಬಿದ ಜೇಬು ಇದ್ದಾಗ ಪ್ರತಿ ಕಷ್ಟಕ್ಕೂ ಲಾಡ್ಜಿನ ನೆನಪಾಗುತ್ತದೆ.

ಸಂಕಲ್ಪ ಮತ್ತು ನಿಯಮ

ಎತ್ತುವ ದಿನ ಗಂಡಸರು ಕ್ಷೌರ ಮಾಡಿಸಿಕೊಂಡು, ಸ್ನಾನ ಮಾಡಿ, ಒಂದು ಚಿಕ್ಕ ಬಾಟಲಿಯಲ್ಲಿ ನರ್ಮದೆಯ ನೀರು ತುಂಬುತ್ತಾರೆ. 200 ಮಿ.ಲೀ. ಸಾಕು; ಗಾಜಿನದು ಒಡೆಯುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನದೋ ತಾಮ್ರದ್ದೋ, ಮುಚ್ಚಳವಿರುವುದು ತನ್ನಿ. ಆ ನೀರಿಗೆ ಪೂಜೆ, ಸಂಕಲ್ಪ, ಕನ್ಯಾ ಭೋಜನ ಅಂದರೆ ಪುಟ್ಟ ಹುಡುಗಿಯರಿಗೆ ಊಟ, ಸಜ್ಜಿಗೆಯಂಥ ಸಿಹಿಯ ಪ್ರಸಾದ ಹಂಚುವುದು. ಇದಕ್ಕೆ ‘ಕಡಾಯಿ’ ಎನ್ನುತ್ತಾರೆ. ಆ ಬಾಟಲಿ ಕೊನೆಯವರೆಗೂ ಜೊತೆಗಿರಬೇಕು, ಬೆಳಗ್ಗೆ-ಸಂಜೆ ಅದಕ್ಕೆ ಆರತಿ. ಪರಿಕ್ರಮಾವಾಸಿ ಎಂಬ ಒಂದು ಪತ್ರ ಮಾಡಿಸಿಕೊಂಡು, ದಾರಿಯ ಆಶ್ರಮಗಳಲ್ಲಿ ಮುದ್ರೆ ಹಾಕಿಸುತ್ತ ಹೋಗುವ ರೂಢಿಯಿದೆ. ಗುರುತು ಕೇಳಿದ ಕಡೆ ಅದು ಉಪಯೋಗಕ್ಕೆ ಬರುತ್ತದೆ.

ನಿಯಮಗಳು ಹೆಚ್ಚಿಲ್ಲ. ನದಿ ಬಲಕ್ಕಿರಬೇಕು. ಮುಖ್ಯ ನದಿಯನ್ನು ದಾಟಬಾರದು, ಅದರ ನಡುವಿನ ದ್ವೀಪಕ್ಕೂ ಕಾಲಿಡಬಾರದು. ಓಂಕಾರೇಶ್ವರದ ದೇವಸ್ಥಾನ ದ್ವೀಪದಲ್ಲೇ ಇರುವುದರಿಂದ ಎತ್ತಿದ ಮೇಲೆ ಸೇತುವೆ ದಾಟಿ ದರ್ಶನಕ್ಕೆ ಹೋದರೆ ಪರಿಕ್ರಮೆ ಮುರಿಯುತ್ತದೆ. ದರ್ಶನವನ್ನು ಸಂಕಲ್ಪಕ್ಕೆ ಮೊದಲೇ ಮುಗಿಸಿ. ತವಾದಂಥ ಉಪನದಿಗಳನ್ನು ದಾಟಬಹುದು. ನದಿಯಲ್ಲಿ ಸಾಬೂನು ಹಚ್ಚಬಾರದು, ಎಂಜಲು ಉಗುಳಬಾರದು, ಆಳಕ್ಕೆ ಇಳಿದು ಈಜಬಾರದು. ಮುಗಿಯುವವರೆಗೆ ಕ್ಷೌರವಿಲ್ಲ. ಬ್ರಹ್ಮಚರ್ಯ, ಸತ್ಯ. ನಾಳೆಗೆಂದು ಕೂಡಿಡಬಾರದು. ಸೂರ್ಯಾಸ್ತದ ನಂತರ ನಡೆಯಬಾರದು.

ಬಲಗಡೆಯ ನಿಯಮ ತಪ್ಪುವುದು ಹೆಚ್ಚಾಗಿ ಮೊಬೈಲ್ ಮ್ಯಾಪಿನಿಂದ. ಅದು ಹತ್ತಿರದ ದಾರಿ ಎಂದು ಸೇತುವೆ ಮೇಲೆ ಕಳಿಸಿಬಿಡುತ್ತದೆ. ಮ್ಯಾಪನ್ನು ಎಷ್ಟು ದೂರ ಎಂದು ತಿಳಿಯಲು ಬಳಸಿ, ದಾರಿ ಮಾತ್ರ ಊರಿನವರನ್ನೇ ಕೇಳಿ. ಕಾಯಿಲೆಯಾಗಿ ಆಸ್ಪತ್ರೆಗಾಗಿ ದಾಟಲೇಬೇಕಾಗಿ ಬಂದರೆ ದಾಟಿ. ಗುಣವಾದ ಮೇಲೆ ಬಿಟ್ಟ ಜಾಗಕ್ಕೇ ಮರಳಿ ಮುಂದುವರಿಯುತ್ತಾರೆ. ನಿಯಮಕ್ಕಾಗಿ ಜೀವ ಕೊಟ್ಟವರನ್ನು ಯಾರೂ ಹೊಗಳುವುದಿಲ್ಲ.

ದಿನಚರಿ

ನಾಲ್ಕೂವರೆಗೆ ಎದ್ದು, ಸ್ನಾನ, ಆರತಿ, ಕೂರುವುದು. ಬೆಳಕು ಹರಿಯುತ್ತಲೇ ಹೊರಟು ಹತ್ತೂವರೆಯೊಳಗೆ 14-15 ಕಿ.ಮೀ. ಮಧ್ಯಾಹ್ನ ಊಟ, ನೆರಳು. ಮೂರರಿಂದ ಐದರವರೆಗೆ ಮಿಕ್ಕಿದ್ದು. ಐದಕ್ಕೆ ‘ಆಸನ’ ಹಾಕಬೇಕು. ಚಾಪೆ ಬಿಚ್ಚಿ ಜಾಗ ಹಿಡಿಯುವುದಕ್ಕೆ ಅಲ್ಲಿ ಹಾಗನ್ನುತ್ತಾರೆ. ಆಶ್ರಮಕ್ಕೆ ಹೋದೊಡನೆ ‘ಎಷ್ಟು ಮೂರ್ತಿ?’ ಎಂದು ಕೇಳಿದರೆ ಗಾಬರಿಯಾಗಬೇಡಿ, ನಿಮ್ಮ ಗುಂಪಿನಲ್ಲಿ ಎಷ್ಟು ಜನ ಎಂದು ಅರ್ಥ. ನಿಮ್ಮನ್ನು ಬಾಬಾಜಿ ಎಂದೋ ಮಾತಾಜಿ ಎಂದೋ ಕರೆಯುತ್ತಾರೆ, ವಯಸ್ಸು ಇಪ್ಪತ್ತೆರಡಾದರೂ. ನಮಸ್ಕಾರಕ್ಕೂ ಉತ್ತರಕ್ಕೂ ಬಾಗಿಲು ತಟ್ಟುವುದಕ್ಕೂ ಒಂದೇ ಮಾತು: ನರ್ಮದೇ ಹರ್. ಮುರುಕು ಹಿಂದಿ ಸಾಕು. ಶೂಲಪಾಣಿಯ ಆಚೆ ಜನರ ಮಾತು ಗುಜರಾತಿಯಾದರೂ ಅದರಲ್ಲೇ ಕೆಲಸ ನಡೆಯುತ್ತದೆ. ಸಂಜೆಯ ಆರತಿಯಲ್ಲಿ ಎಲ್ಲೆಡೆ ನರ್ಮದಾಷ್ಟಕ ಹೇಳುತ್ತಾರೆ. ಬಾಯಿಪಾಠ ಮಾಡಿಕೊಂಡು ಹೋದರೆ ಭಾಷೆ ಬರದವರೂ ಹೊರಗಿನವರಾಗುವುದಿಲ್ಲ.

ಊಟ ಸಿದ್ಧವಾಗಿ ಸಿಗುವ ಕಡೆ ಟಿಕ್ಕಡ್ ಎಂಬ ದಪ್ಪ ರೊಟ್ಟಿ, ಬೇಳೆ. ಅನ್ನ ಉಂಡು ಬೆಳೆದವರಿಗೆ ಮೊದಲ ಎರಡು ವಾರ ಹೊಟ್ಟೆ ಕಟ್ಟುತ್ತದೆ. ದಿನಕ್ಕೆ ಮೂರೂವರೆ-ನಾಲ್ಕು ಲೀಟರ್ ನೀರು ಕುಡಿದರೆ ಸರಿಹೋಗುತ್ತದೆ. ಕೆಲವು ಕಡೆ ಸದಾವ್ರತ, ಅಂದರೆ ಅಕ್ಕಿ-ಬೇಳೆ-ಹಿಟ್ಟು ಕೊಡುತ್ತಾರೆ, ಬೇಯಿಸಿಕೊಳ್ಳುವುದು ನಿಮ್ಮ ಕೆಲಸ. ಒಬ್ಬರಿಗೆ 100 ಗ್ರಾಂ ಅಕ್ಕಿ, 50 ಗ್ರಾಂ ಹೆಸರುಬೇಳೆ, ಅರ್ಧ ಲೀಟರಿಗೆ ತುಸು ಹೆಚ್ಚು ನೀರು, ಉಪ್ಪು, ಅರಿಶಿನ. ಮೂರು ಕಲ್ಲಿನ ಒಲೆಯ ಮೇಲೆ ಅರ್ಧ ಗಂಟೆ. ತೊಗರಿಬೇಳೆ ಕೊಟ್ಟರೆ ಮೊದಲು ಒಂದು ಗಂಟೆ ನೆನೆಸಿ, ಇಲ್ಲವಾದರೆ ಕುಕ್ಕರಿಲ್ಲದೆ ಬೇಯುವುದೇ ಇಲ್ಲ.

ಎರಡು ಕಠಿಣ ಜಾಗ

ಬಡವಾನಿಯ ರಾಜಘಾಟ್ ದಾಟಿದ ಮೇಲೆ ಸಾತ್ಪುಡದ ಗುಡ್ಡಗಳು ಶುರುವಾಗುತ್ತವೆ. ಇದೇ ಶೂಲಪಾಣಿ ಝಾಡಿ. ಮಧ್ಯಪ್ರದೇಶದಿಂದ ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಮೂಲಕ ಗುಜರಾತಿಗೆ ಹೋಗುತ್ತದೆ. ಹಿಂದೆ ಇಲ್ಲಿ ಭಿಲ್ಲರು ಯಾತ್ರಿಗಳ ಮೈಮೇಲಿನದನ್ನೆಲ್ಲ ಕಸಿದುಕೊಳ್ಳುತ್ತಿದ್ದರು, ಅದನ್ನು ಯಾತ್ರಿಗಳು ನರ್ಮದೆಯ ಪರೀಕ್ಷೆ ಎಂದೇ ತಿಳಿಯುತ್ತಿದ್ದರು. ಈಗ ಅದೇ ಹಳ್ಳಿಗಳ ಜನ ಕರೆದು ಊಟ ಹಾಕುತ್ತಾರೆ. ಈಗಿನ ಕಷ್ಟ ಏರಿಳಿತದ್ದು. ಹಳೆಯ ದಡ ಸರ್ದಾರ್ ಸರೋವರದಲ್ಲಿ ಮುಳುಗಿರುವುದರಿಂದ ಗುಡ್ಡದ ನೆತ್ತಿಯ ಕಾಲುದಾರಿಯಲ್ಲಿ ಹತ್ತಿಳಿಯಬೇಕು. ಒಬ್ಬರೇ ಹೋಗಬೇಡಿ, ನಾಲ್ಕೈದು ಮೂರ್ತಿ ಸೇರುವವರೆಗೆ ರಾಜಘಾಟ್ ಬಳಿ ಕಾಯಿರಿ. ಎರಡು ಲೀಟರ್ ನೀರು ಸದಾ ತುಂಬಿರಲಿ, ಫೋನು ಸಿಗುವುದಿಲ್ಲ. ಮೊಣಕಾಲು ನೋಯುತ್ತಿದ್ದರೆ ಶಹಾದಾ, ಪ್ರಕಾಶಾ ಕಡೆಯಿಂದ ಬಳಸುವ ರಸ್ತೆಯ ದಾರಿ ಹಿಡಿಯಿರಿ, ದೂರ ಹೆಚ್ಚು, ಅಪಾಯ ಕಡಿಮೆ. ಅದರಿಂದ ಪರಿಕ್ರಮೆಗೆ ದೋಷವಿಲ್ಲ.

ಎರಡನೆಯದು ಸಮುದ್ರ. ದಕ್ಷಿಣ ದಡದ ವಿಮಲೇಶ್ವರದಿಂದ ಉತ್ತರ ದಡದ ಮೀಠೀ ತಲಾಯಿಗೆ ದೋಣಿಯಲ್ಲಿ ಕೊಲ್ಲಿ ದಾಟಬೇಕು. ಇಡೀ ಪರಿಕ್ರಮೆಯಲ್ಲಿ ದಾಟುವುದು ಇಲ್ಲೊಂದೇ ಕಡೆ, ಏಕೆಂದರೆ ಅಲ್ಲಿ ನದಿ ಮುಗಿದು ಸಮುದ್ರವಾಗಿರುತ್ತದೆ. ದೋಣಿ ಉಬ್ಬರ ಬಂದಾಗಲೇ ಹೊರಡುತ್ತದೆ, ಅದು ನಡುರಾತ್ರಿಯೂ ಇರಬಹುದು. ಒಂದೆರಡು ದಿನ ಕಾಯಬೇಕಾಗಬಹುದು ಎಂದೇ ಲೆಕ್ಕಹಾಕಿ. ಕೆಲವು ಗಂಟೆಗಳ ಪ್ರಯಾಣ. ನೀರು, ಒಣ ತಿಂಡಿ ಜೊತೆಗಿರಲಿ, ವಾಂತಿಯಾಗುವವರು ಹೊಟ್ಟೆ ತುಂಬ ತಿಂದು ಹತ್ತಬೇಡಿ, ಫೋನು-ಕಾಗದ ಪ್ಲಾಸ್ಟಿಕ್ ಚೀಲದಲ್ಲಿರಲಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಮಿತಿಮೀರಿ ಜನ ತುಂಬಿದ ದೋಣಿ ಹತ್ತದೆ ಮರುದಿನದ್ದಕ್ಕೆ ಕಾಯಿರಿ.

ಉತ್ತರ ದಡದ ಗರುಡೇಶ್ವರದಲ್ಲಿ ದತ್ತ ಪರಂಪರೆಯ ಸನ್ಯಾಸಿ ಟೆಂಬೆ ಸ್ವಾಮಿಗಳ ಸಮಾಧಿಯಿದೆ, ಅವರು ದೇಹ ಬಿಟ್ಟದ್ದು 1914ರಲ್ಲಿ. ರಾಯಚೂರು ಸೀಮೆಯ ಕುರುವಪುರಕ್ಕೆ ಹೋಗಿಬರುವ ದತ್ತಭಕ್ತರಿಗೆ ಈ ಹೆಸರು ಹೊಸದಲ್ಲ. ಎರಡು ದಿನ ನಿಂತು ಕೂರಲು ಒಳ್ಳೆಯ ಜಾಗ.

ದೇಹ ಕೆಟ್ಟಾಗ

ಹಿಮ್ಮಡಿಯಲ್ಲಿ ಉರಿ ಶುರುವಾದ ಕ್ಷಣವೇ ನಿಂತು ಅಂಟುಪಟ್ಟಿ ಹಾಕಿ. ‘ಮುಂದಿನ ಊರಲ್ಲಿ ನೋಡೋಣ’ ಎಂದರೆ ಅಷ್ಟರಲ್ಲಿ ನೀರುಗುಳ್ಳೆ ಎದ್ದಿರುತ್ತದೆ. ಎದ್ದರೆ ಸೂಜಿಯನ್ನು ಬೆಂಕಿಯಲ್ಲಿ ಕಾಯಿಸಿ, ಆರಿದ ಮೇಲೆ ಗುಳ್ಳೆಯ ಬುಡದಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಸುತ್ತ ಕೆಂಪಗಾಗಿ ಮೇಲಕ್ಕೆ ಗೆರೆ ಏರುತ್ತಿದ್ದರೆ ಅವತ್ತೇ ಡಾಕ್ಟರ್. ಭೇದಿಯಾದರೆ ಒಆರ್‌ಎಸ್, ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಳಿಜ್ವರ ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ, ಕಾಡಿನ ಜಿಲ್ಲೆಗಳಲ್ಲಿ ಅದನ್ನು ಬರಿಯ ದಣಿವು ಎಂದುಕೊಳ್ಳುವುದು ತಪ್ಪು. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ ಶುರುಮಾಡಿ. ಉಳಿದ ಡೋಸುಗಳಿಗೆ ಅದೇ ಊರಿಗೆ ಬರಬೇಕಿಲ್ಲ, ಚೀಟಿ ತೋರಿಸಿ ಮುಂದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಬಹುದು. ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಕದಲಿಸದೆ ಆಸ್ಪತ್ರೆಗೆ. ಆಂಬುಲೆನ್ಸ್ 108.

ಮನಸ್ಸಿನ ಕೆಲಸ

ಮೊದಲ ಎರಡು-ಮೂರು ವಾರ ದೇಹದ್ದೇ ಮಾತು, ಆಗ ಧ್ಯಾನ ಆಗುತ್ತಿಲ್ಲ ಎಂದು ಕೊರಗಬೇಡಿ. ಕಾಲು ಹದವಾದ ಮೇಲೆ ಬರುವುದು ಬೇಸರ. ಅದೇ ಹೊಲ, ಅದೇ ರೊಟ್ಟಿ, ಅದೇ ಪ್ರಶ್ನೆಗಳು. ಹೆಚ್ಚಿನ ಯುವಕರು ಎಡವುವುದು ಇಲ್ಲಿ: ರೀಲ್ಸ್ ಮಾಡಲು ಶುರುಮಾಡುತ್ತಾರೆ, ಗುಂಪು ಕಟ್ಟಿ ದಿನಕ್ಕೆ 40 ಕಿ.ಮೀ. ಓಡುತ್ತಾರೆ, ಅಥವಾ ಪವಾಡದ ಕಥೆಗಳ ಹಿಂದೆ ಬೀಳುತ್ತಾರೆ. ಶೂಲಪಾಣಿಯಲ್ಲಿ ಅಶ್ವತ್ಥಾಮ ಕಾಣುತ್ತಾನಂತೆ, ದಾರಿ ತಪ್ಪಿದವರಿಗೆ ಮಾಯಿ ಅಂದರೆ ನರ್ಮದೆಯೇ ಪುಟ್ಟ ಹುಡುಗಿಯಾಗಿ ಬಂದು ತೋರಿಸುತ್ತಾಳಂತೆ. ಕೇಳಲು ಚೆನ್ನಾಗಿವೆ, ನಂಬುವವರನ್ನು ನಗಬೇಡಿ, ಆದರೆ ನಿಮಗೂ ಅಂಥದ್ದೊಂದು ಆಗಲಿ ಎಂದು ಕಾಯುತ್ತ ನಡೆದರೆ ಎದುರಿಗಿರುವ ದಾರಿಯೇ ಕಾಣುವುದಿಲ್ಲ.

ಅದರ ಬದಲು ಮಾಡಬೇಕಾದ್ದು ಸರಳ. ಬೆಳಗಿನ ಮೊದಲ ಎರಡು ಗಂಟೆ ಮೌನ, ಜೊತೆಗಾರರಿಗೆ ಮೊದಲೇ ಹೇಳಿಟ್ಟು ಐವತ್ತು ಹೆಜ್ಜೆ ಹಿಂದೆ ನಡೆಯಿರಿ. ಹೆಜ್ಜೆಗೊಂದರಂತೆ ನಾಮ, ಅಥವಾ ಬರಿಯ ಹೆಜ್ಜೆಯ ಅರಿವು. ಫೋನು ದಿನಕ್ಕೊಮ್ಮೆ, ಸಂಜೆ ಅರ್ಧ ಗಂಟೆ. ಮಲಗುವ ಮೊದಲು ಅರ್ಧ ಪುಟ ಬರೆಯಿರಿ. ಪ್ರಕೃತಿ ವರ್ಣನೆ ಬೇಡ, ಇವತ್ತು ಯಾವಾಗ ಸಿಟ್ಟು ಬಂತು, ಏನು ಸಿಗದಿದ್ದಕ್ಕೆ ಬಂತು ಎಂಬುದೊಂದೇ. ಕಾರಣಗಳು ನಾಚಿಕೆಯಾಗುವಷ್ಟು ಸಣ್ಣವಿರುತ್ತವೆ: ಫ್ಯಾನಿನ ಕೆಳಗಿನ ಜಾಗ, ಎರಡನೇ ರೊಟ್ಟಿ, ಹಿಂದೆ ಬಂದವನಿಗೆ ಮೊದಲು ಸಿಕ್ಕ ಚಹಾ. ಮನೆ ಬಿಟ್ಟು ಬಂದವರು ಇಷ್ಟಕ್ಕೆ ಸಿಟ್ಟಾಗುತ್ತಾರೆಯೇ ಎಂದು ತಿಳಿಯುವುದೇ ಈ ನಡಿಗೆ ಕಲಿಸುವ ಮೊದಲ ಪಾಠ, ಇದಕ್ಕೆ ಯಾವ ಗುರುವೂ ಬೇಕಿಲ್ಲ. ಕೊಟ್ಟದ್ದನ್ನು ಉಣ್ಣುವುದು, ಹೇಳಿದ ಜಾಗದಲ್ಲಿ ಮಲಗುವುದು, ನದಿಯನ್ನು ಬಲಕ್ಕಿಡುವುದು, ಈ ಮೂರನ್ನು ಬಿಗಿಯಾಗಿ ಹಿಡಿದರೆ ಮಿಕ್ಕ ಕೆಲಸವನ್ನು ನಿಯಮವೇ ಮಾಡುತ್ತದೆ.

ಬೇಸರಕ್ಕಿಂತ ಮೆತ್ತಗೆ ಕಚ್ಚುವುದು ಗೌರವ. ಎಪ್ಪತ್ತರ ಅಜ್ಜಿ ಬಂದು ನಿಮ್ಮ ಕಾಲು ಮುಟ್ಟುತ್ತಾರೆ. ಮೊದಲ ಸಲ ಮುಜುಗರ, ಇಪ್ಪತ್ತನೇ ಸಲ ಅಭ್ಯಾಸ, ಮುಟ್ಟದೆ ಹೋದವರ ಮೇಲೆ ಐವತ್ತನೇ ಸಲಕ್ಕೆ ಒಳಗೇ ಅಸಮಾಧಾನ. ಕೈಮುಗಿದು ನರ್ಮದೇ ಹರ್ ಎಂದು ನೀವೂ ಬಾಗಿ. ಆಶೀರ್ವಾದ, ಭವಿಷ್ಯ, ಮಗುವಿಗೆ ತಾಯತ ಇವಕ್ಕೆಲ್ಲ ಕೈಹಾಕಬೇಡಿ.

ನಿದ್ದೆಯೇ ಬಾರದೆ ಮೂರು-ನಾಲ್ಕು ರಾತ್ರಿ ಕಳೆದು, ಮೈಯಲ್ಲಿ ಮಿತಿಮೀರಿದ ಹುರುಪು, ಎಲ್ಲವೂ ನನಗೇ ಸಂಕೇತ ಕೊಡುತ್ತಿದೆ ಎಂಬ ಭಾವ ಬಂದರೆ ಅದನ್ನು ಸಿದ್ಧಿ ಎಂದುಕೊಳ್ಳಬೇಡಿ. ಜಪ-ಧ್ಯಾನ ನಿಲ್ಲಿಸಿ, ಹೊಟ್ಟೆ ತುಂಬ ಉಂಡು, ಮನೆಗೆ ಫೋನು ಮಾಡಿ, ಮನೋವೈದ್ಯರಿಗೆ ತೋರಿಸಿ. ಜೊತೆಗಾರರಲ್ಲಿ ಕಂಡರೆ ಅವರನ್ನು ಒಬ್ಬರೇ ಬಿಡಬೇಡಿ.

ಯಾರನ್ನು ನಂಬುವುದು

ದಡದಲ್ಲಿ ನಿಜವಾದ ಸಾಧಕರಿದ್ದಾರೆ. ಅವರು ಸಾಮಾನ್ಯವಾಗಿ ನಿಮ್ಮನ್ನು ಕರೆಯುವುದಿಲ್ಲ. ಸಿಕ್ಕ ಮೊದಲ ದಿನವೇ ದೀಕ್ಷೆ ಕೊಡುತ್ತೇನೆ ಎನ್ನುವವರು, ಮನೆಯ ಸಂಬಂಧ ಕಡಿದುಕೋ ಎನ್ನುವವರು, ಫೋನು ಅಥವಾ ಎಟಿಎಂ ಕಾರ್ಡು ಒಪ್ಪಿಸು ಎನ್ನುವವರು, ಒಬ್ಬರನ್ನೇ ರಾತ್ರಿ ಕೋಣೆಗೆ ಕರೆಯುವವರು ಯಾವ ಬಣ್ಣದ ಬಟ್ಟೆಯಲ್ಲಿದ್ದರೂ ದೂರವಿಡಿ. ಎಲ್ಲಾದರೂ ಮನಸ್ಸು ನಿಂತು ಅಲ್ಲೇ ಉಳಿಯಬೇಕೆನಿಸಿದರೆ ಪರಿಕ್ರಮೆ ಮುಗಿಸಿ ಮತ್ತೆ ಬನ್ನಿ, ಆ ಗುರು ನಿಜವಾದವರಾದರೆ ನಾಲ್ಕು ತಿಂಗಳು ಕಾಯುತ್ತಾರೆ. ಆಗಲೂ ಅಲ್ಲಿಂದ ಬಿಟ್ಟುಹೋದವರು ಯಾರು, ಏಕೆ ಹೋದರು ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಸಿಟ್ಟಾಗುವ ಜಾಗ ನಿಮಗೆ ಬೇಡ. ಚಿಲುಮೆ ಸುತ್ತಿಬರುವ ಕೂಟದಿಂದ ಎದ್ದುಬಿಡಿ. ಗಾಂಜಾ ಕಾನೂನುಬಾಹಿರ ಎಂಬುದು ಒಂದು, ಮರುದಿನದ 20 ಕಿ.ಮೀ. ಇನ್ನೊಂದು.

ಹುಡುಗಿಯರು ಕನಿಷ್ಠ ಇನ್ನಿಬ್ಬರು ಹೆಂಗಸರಿರುವ ಗುಂಪು ಹುಡುಕಿಕೊಳ್ಳಿ. ಮಹಾರಾಷ್ಟ್ರದಿಂದ ಬರುವ ಗುಂಪುಗಳಲ್ಲಿ ನಡುವಯಸ್ಸಿನ ಹೆಂಗಸರು ಬಹಳ ಇರುತ್ತಾರೆ. ಸಾಧು ಒಬ್ಬರೇ ಇರುವ ಕುಟೀರಕ್ಕಿಂತ ಊರಿನ ಸಂಸಾರವಂದಿಗರ ಮನೆಯ ಜಗುಲಿ, ಶಾಲೆ, ದೊಡ್ಡ ಧರ್ಮಶಾಲೆ ಮೇಲು. ಸಹಾಯಕ್ಕೆ 112.

ಮುಗಿಸುವುದು

ಅಮರಕಂಟಕದಲ್ಲಿ ಮಾಯಿ ಕಿ ಬಗಿಯಾ ಎಂಬ ತೋಟವನ್ನು ಬಳಸಿ ಮೂಲವನ್ನು ಸುತ್ತಿ ದಡ ಬದಲಾಗುತ್ತದೆ. ಎತ್ತಿದ ಊರಿಗೆ ತಲುಪಿದ ದಿನ ಸುತ್ತು ಪೂರ್ಣ. ಮತ್ತೆ ಕಡಾಯಿ, ಕನ್ಯಾ ಭೋಜನ, ಕ್ಷೌರ. ಬೇರೆ ಊರಿಂದ ಎತ್ತಿದವರು ಬಸ್ಸಿನಲ್ಲಾದರೂ ಓಂಕಾರೇಶ್ವರಕ್ಕೆ ಹೋಗಿ, ಈಗ ಸೇತುವೆ ದಾಟಿ, ಬಾಟಲಿಯ ನೀರನ್ನು ಲಿಂಗಕ್ಕೆ ಎರೆಯಬೇಕು. ಸ್ವಲ್ಪ ಉಳಿಸಿಕೊಂಡು ಮನೆಗೆ ತರುವುದು ರೂಢಿ.

ವಾಪಸಿನ ಟಿಕೆಟ್ಟನ್ನು ಮುಗಿದ ಮರುದಿನಕ್ಕೆ ಮಾಡಿಸಬೇಡಿ, ನಾಲ್ಕೈದು ದಿನ ಅಲ್ಲೇ ಸುಮ್ಮನಿರಿ. ಊರಿಗೆ ಬಂದ ಮೇಲೆ ಮೊದಲ ಎರಡು ವಾರ ದೊಡ್ಡ ತೀರ್ಮಾನ ಬೇಡ: ಕೆಲಸ ಬಿಡುವುದು, ಮದುವೆ ಬೇಡ ಎನ್ನುವುದು, ಮಠ ಸೇರುವುದು ಎಲ್ಲ ಆಮೇಲೆ. ಒಮ್ಮೆಲೇ ನಡಿಗೆ ನಿಲ್ಲಿಸಿದರೆ ಹಸಿವು ಹಾಗೇ ಇದ್ದು ಮೈ ಭಾರವಾಗುತ್ತದೆ, ನಿದ್ದೆ ಕೆಡುತ್ತದೆ. ದಿನಕ್ಕೆ ಎಂಟು, ಆಮೇಲೆ ಐದು ಕಿ.ಮೀ. ಎಂದು ಇಳಿಸುತ್ತ ಬನ್ನಿ, ಬೆಳಗಿನ ಕೂರುವಿಕೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಏನು ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ದಾರಿಯ ಊರುಗಳ ಹೆಸರು ಹೇಳಿ, ಕೇಳಿದವರಿಗೆ ಅಷ್ಟು ಸಾಕಾಗುತ್ತದೆ.